ಅಪ್‌ಡೇಟ್: ಮ್ಯೂನಿಕ್‌ನಿಂದ ವಾರಾಂತ್ಯದ ಸುತ್ತಾಟ
ಮ್ಯೂನಿಕ್‌ನಲ್ಲಿ ಓದುತ್ತಾ ಶನಿವಾರ-ಭಾನುವಾರ ಕಡಿಮೆ ಖರ್ಚಲ್ಲಿ ಸುತ್ತೋದು ಹೇಗೆ ಅಂತ ಕೇಳಿದ್ದೆನಲ್ಲ, ನೀವು ಹೇಳಿದ ಡಾಯಿಚ್‌ಲಾಂಡ್ ಟಿಕೆಟ್ಟೇ (ಇಡೀ ಜರ್ಮನಿಯ ಲೋಕಲ್ ರೈಲು-ಬಸ್ಸುಗಳ ತಿಂಗಳ ಪಾಸ್) ಸರಿ. 2026ರ ಜನವರಿಯಿಂದ ತಿಂಗಳಿಗೆ 63 ಯೂರೊ. ಆರ್‌ಇ, ಆರ್‌ಬಿ, ಎಸ್-ಬಾನ್ ಅನ್ನೋ ಲೋಕಲ್ ರೈಲುಗಳಿಗೆ ನಡೆಯುತ್ತೆ; ಐಸಿಇ ಅನ್ನೋ ದೂರದೂರಿನ ವೇಗದ ರೈಲು ಹತ್ತಿದರೆ ಟಿಕೆಟ್ ಇಲ್ಲದವರ ಲೆಕ್ಕ. ಲೋಕಲ್ ರೈಲಲ್ಲಾದರೆ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಸ್ಟೇಷನ್‌ವರೆಗೂ ಸಾಕು. ಪಾಸ್‌ಪೋರ್ಟ್, ರೆಸಿಡೆನ್ಸ್ ಪರ್ಮಿಟ್ ಎರಡೂ ಅಸಲಿಯೇ ಜೊತೆಗಿರಲಿ, ವಾಪಸ್ ಬರುವಾಗ ಗಡಿಯಲ್ಲಿ ಪೊಲೀಸರು ಕೇಳಬಹುದು.

ಎಡವೋದು ಟೆಗರ್ನ್‌ಸೀ ಕೆರೆಯ ದಾರಿಯಲ್ಲಿ. ಸಾಮಾನ್ಯವಾಗಿ ಒಂದೇ ರೈಲು ಹೋಲ್ಜ್‌ಕಿರ್ಷೆನ್‌ನಲ್ಲಿ ಒಮ್ಮೆ, ಶಾಫ್ಟ್‌ಲಾಖ್‌ನಲ್ಲಿ ಇನ್ನೊಮ್ಮೆ ತುಂಡಾಗಿ ಮೂರು ದಿಕ್ಕಿಗೆ ಹೋಗುತ್ತೆ. ಬೋಗಿಯ ಬೋರ್ಡಲ್ಲಿ ಊರಿನ ಹೆಸರು ಓದಿಯೇ ಹತ್ತಬೇಕು. ಖಾಲಿ ಸೀಟು ಸಿಕ್ಕಿತೆಂದು ಹಿಗ್ಗಿ ಕೂತರೆ ಇಳಿಯೋದು ಬೇರೆ ದಿಕ್ಕಿನ ಊರಾದ ಬೈರಿಷ್‌ಸೆಲ್‌ನಲ್ಲಿ!

ಭಾನುವಾರ ಸೂಪರ್‌ಮಾರ್ಕೆಟ್‌ಗಳಿಗೆ ಬೀಗ, ಬುತ್ತಿಗೆ ಬೇಕಾದ್ದನ್ನು ಶನಿವಾರವೇ ತಂದಿಡಿ.