35 ಲಕ್ಷದೊಳಗೆ ಮನೆ ಎಲ್ಲಿದೆ ಸ್ವಾಮಿ?

ಬಾಡಿಗೆದಾರ: ನಾನು, ಹೆಂಡತಿ ಸೇರಿ ವರ್ಷಕ್ಕೆ 8.5 ಲಕ್ಷ ದುಡಿಯುತ್ತೇವೆ. ಸ್ವಂತ ಮನೆ ಇಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ಬಡ್ಡಿಗೆ ಸಬ್ಸಿಡಿ ಇದೆಯಂತೆ. ಆದರೆ ಆದಾಯ 9 ಲಕ್ಷ, ಸಾಲ 25 ಲಕ್ಷ, ಮನೆ ಬೆಲೆ 35 ಲಕ್ಷ ದಾಟಬಾರದು. ಬೆಂಗಳೂರಲ್ಲಿ 35 ಲಕ್ಷಕ್ಕೆ ಏನು ಬರುತ್ತದೆ? ಕಾರು ನಿಲ್ಲಿಸೋ ಜಾಗವಾ?

ಬೆಣ್ಣೆದೋಸೆ: ಬೆಂಗಳೂರೇ ಕರ್ನಾಟಕ ಅಲ್ಲ ಅಣ್ಣ. ದಾವಣಗೆರೆಯ ಹೊರಗೆ ಎರಡು ರೂಮಿನ ಮನೆ 31 ಲಕ್ಷಕ್ಕೆ ತೆಗೆದುಕೊಂಡೆವು. ಸಾಲ 22 ಲಕ್ಷ. ಅರ್ಜಿ ಹಾಕಿದ್ದೇವೆ.

ಲೆಕ್ಕದ ಮೇಷ್ಟ್ರು: ಹಾಕಿ, ಆದರೆ ಜಾಸ್ತಿ ಆಸೆ ಬೇಡ. 4% ಸಬ್ಸಿಡಿ 22 ಲಕ್ಷಕ್ಕೂ ಅಲ್ಲ, ಮೊದಲ 8 ಲಕ್ಷಕ್ಕೆ ಮಾತ್ರ. ಎಷ್ಟೇ ಆದರೂ ಒಟ್ಟು 1.80 ಲಕ್ಷ. ಅದೂ ವರ್ಷಕ್ಕೊಂದರಂತೆ ಐದು ಕಂತು, ಅಂದರೆ 36,000.

ಹಳೆ ಸಾಲಗಾರ: ನಮ್ಮ ಕಾಲದ ಯೋಜನೆಯೇ ವಾಸಿ. 6 ಲಕ್ಷದೊಳಗಿನ ಆದಾಯದವರಿಗೆ 2.67 ಲಕ್ಷದವರೆಗೆ ಒಂದೇ ಸಲ ಸಾಲದ ಖಾತೆಗೆ ಬೀಳುತ್ತಿತ್ತು. ಇಎಂಐ ಅಲ್ಲೇ ಇಳಿಯಿತು. 2022ರ ಮಾರ್ಚ್‌ಗೆ ನಿಂತುಹೋಯಿತು.

ಬಾಡಿಗೆದಾರ: ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಳ್ಳುತ್ತಾರೆ. 2025ರ ಆಗಸ್ಟ್ ಕೊನೆಗೆ ರಾಜ್ಯದಲ್ಲಿ ನೋಂದಣಿ ಶುಲ್ಕ 1%ರಿಂದ 2%ಗೆ ಏರಿತಲ್ಲ? 35 ಲಕ್ಷದ ಮನೆಗೆ 35,000 ಹೆಚ್ಚು. ಒಂದು ಕಂತು ಅಲ್ಲಿಗೇ ಖಾಲಿ.

ಬೆಣ್ಣೆದೋಸೆ: ಉಳಿದ ನಾಲ್ಕು ಕಂತು ನಿಮಗೆ ಬೇಡವಾ? ನಮಗೆ 36,000 ಅಂದರೆ ಸುಮಾರು ಎರಡು ತಿಂಗಳ ಇಎಂಐ. ಸುಮ್ನೆ ಬಿಡೋ ದುಡ್ಡಲ್ಲ.

ಲೆಕ್ಕದ ಮೇಷ್ಟ್ರು: ತಂಗಿ ಹೇಳೋದು ಸರಿ. ಒಂದು ಎಚ್ಚರಿಕೆ ಮಾತ್ರ. ಕಂತು ಬರುವಾಗ ಸಾಲ ನಡೆಯುತ್ತಿರಬೇಕು, ಅಸಲಿನ ಅರ್ಧಕ್ಕಿಂತ ಹೆಚ್ಚು ಬಾಕಿಯೂ ಇರಬೇಕು. ಒಡವೆ ಮಾರಿ, ಚೀಟಿ ಎತ್ತಿ ಬೇಗ ತೀರಿಸಿದರೆ ಮುಂದಿನ ಕಂತು ಇಲ್ಲ. ಆದರೂ ನಾನಾದರೆ ಸಾಲವನ್ನೇ ತೀರಿಸುತ್ತೇನೆ. ಸಬ್ಸಿಡಿಗಾಗಿ ಬಡ್ಡಿ ಕಟ್ಟುತ್ತಾ ಕೂರೋದು ಯಾವ ಲೆಕ್ಕ?

ಹಳೆ ಸಾಲಗಾರ: ಕೈಯಲ್ಲಿ ದುಡ್ಡಿದ್ದವರ ಮಾತು ಇದು ಮೇಷ್ಟ್ರೇ. ಅರ್ಧ ಸಾಲ ಐದು ವರ್ಷದಲ್ಲಿ ತೀರಿಸುವವನು ಈ ಅರ್ಜಿ ಹಿಡಿದು ಯಾಕೆ ಅಲೆಯುತ್ತಾನೆ?

ಬಾಡಿಗೆದಾರ: ತುಮಕೂರಲ್ಲಿ ಅಪ್ಪನ ಹೆಸರಲ್ಲಿ ಮನೆ ಇದೆ. ಅದು ಅಡ್ಡ ಬರುತ್ತದಾ?

ಲೆಕ್ಕದ ಮೇಷ್ಟ್ರು: ಇಲ್ಲ. ಇಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ನಿಮ್ಮಿಬ್ಬರ ಹೆಸರಲ್ಲಿ ದೇಶದಲ್ಲೆಲ್ಲೂ ಪಕ್ಕಾ ಮನೆ ಇರಬಾರದು, ಅಷ್ಟೇ.

ಬಾಡಿಗೆದಾರ: ಹಾಗಾದರೆ ಈ ಭಾನುವಾರ ತುಮಕೂರಲ್ಲೇ ಹುಡುಕುತ್ತೇನೆ. ರೈಲು ಪಾಸಿನ ಖರ್ಚನ್ನೂ ಸೇರಿಸಿ ಒಂದು ಲೆಕ್ಕ ಹಾಕಿಕೊಡಿ ಮೇಷ್ಟ್ರೇ.