ಗಾಲ್ವೇ ಫಿಲ್ಮ್ ಉತ್ಸವಕ್ಕೆ ಅಮ್ಮನ ಜೊತೆ ಹೊರಟಿದ್ದೇನೆ, ಹೋಗಿಬಂದವರು ಸ್ವಲ್ಪ ಹೇಳಿ

ಸಾಗರದ ಹುಡುಗಿ (ಪ್ರಶ್ನೆ):

ನಮಸ್ಕಾರ ಎಲ್ಲರಿಗೂ. ಡಬ್ಲಿನ್‌ಗೆ ಬಂದು ಎರಡು ವರ್ಷ ಆಯ್ತು, ಐರ್ಲೆಂಡಿನ ಪಶ್ಚಿಮ ತೀರದ ಗಾಲ್ವೇ ಇನ್ನೂ ನೋಡಿಲ್ಲ. ಜುಲೈನಲ್ಲಿ ಅಲ್ಲಿ ನಡೆಯುವ ಫಿಲ್ಮ್ ಉತ್ಸವಕ್ಕೆ ಮೂರು ದಿನ ಹೋಗಬೇಕು ಅಂತ ಆಸೆ. ಆಗ ಅಮ್ಮನೂ ಊರಿಂದ ಬಂದಿರುತ್ತಾರೆ, ಅವರನ್ನೂ ಕರೆದುಕೊಂಡು ಹೋಗುತ್ತೇನೆ. ಅವರಿಗೆ ಇಂಗ್ಲಿಷ್ ನಿಧಾನಕ್ಕೆ ಓದಲು ಬರುತ್ತೆ, ಮಾತಾಡಲು ಸಂಕೋಚ. ಆದರೆ ಸಿನಿಮಾ ಹುಚ್ಚು ಇದೆ. ಹುಡುಗಿಯಾಗಿದ್ದಾಗ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜದವರು ತೋರಿಸುತ್ತಿದ್ದ ಹೊರದೇಶದ ಚಿತ್ರಗಳನ್ನು ನೋಡಿದವರು. ನನಗೆ ಗೊತ್ತಿರುವುದು ಬೆಂಗಳೂರಿನ ಚಿತ್ರೋತ್ಸವ ಮಾತ್ರ. ಪಾಸ್ ಕುತ್ತಿಗೆಗೆ ಹಾಕಿಕೊಂಡು ಒರಾಯನ್ ಮಾಲ್‌ನಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದು ಕ್ಯೂನಿಂದ ಇನ್ನೊಂದು ಕ್ಯೂಗೆ ಓಡುವುದು. ಇಲ್ಲಿ ಹೇಗೆ? ಎಲ್ಲಿ ಉಳಿಯುವುದು, ಯಾವ ಚಿತ್ರ ಆರಿಸುವುದು, ಅಮ್ಮನಿಗೆ ಬೇಜಾರಾಗುತ್ತಾ? ಅವರು ಮೊಟ್ಟೆಯನ್ನೂ ತಿನ್ನಲ್ಲ ಬೇರೆ.

ಕೊರಿಬ್ ದಂಡೆ:

ಗಾಲ್ವೇಯಲ್ಲೇ ಇದ್ದೇನೆ, ಬಹುತೇಕ ಪ್ರತಿ ವರ್ಷ ಹೋಗುತ್ತೇನೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬೇಸರ ಮಾಡಬೇಡಿ.

ಮೊದಲು ಹೆಸರು. ಇದನ್ನು "ಗಾಲ್ವೇ ಫಿಲ್ಮ್ Fleadh" ಅಂತಾರೆ. ಸ್ಪೆಲಿಂಗ್ ನೋಡಿ ನಾನು ಮೊದಲ ವರ್ಷ "ಫ್ಲೀಡ್" ಅಂದೆ, ಟಿಕೆಟ್ ಕೌಂಟರಿನ ಹುಡುಗ ನಗು ತಡೆದುಕೊಂಡ. "ಫ್ಲಾ" ಅನ್ನಿ ಸಾಕು. ಐರಿಷ್ ಭಾಷೆಯಲ್ಲಿ ಹಬ್ಬ ಅಂತ ಅರ್ಥ. 1989ರಲ್ಲಿ ಶುರುವಾಗಿದ್ದು. ಆರು ದಿನ, ಮಂಗಳವಾರದಿಂದ ಭಾನುವಾರದವರೆಗೆ. ಮೂರೇ ದಿನ ಅಂದರೆ ಶುಕ್ರ, ಶನಿ, ಭಾನುವಾರ ಅಂತ ಎಲ್ಲರೂ ಹೇಳುತ್ತಾರೆ, ನಾನು ಬುಧ, ಗುರು, ಶುಕ್ರ ಅಂತೀನಿ. ರೂಮು ಕಡಿಮೆಗೆ ಸಿಗುತ್ತೆ, ಊರಲ್ಲಿ ಕಾಲಿಡಲು ಜಾಗ ಇರುತ್ತೆ, ಚಿತ್ರಗಳೇನೂ ಕಡಿಮೆ ಇರಲ್ಲ.

ಬೆಂಗಳೂರಿನ ಲೆಕ್ಕ ಇಲ್ಲಿ ಬಿಡಿ. ಪಾಸ್ ಇದೆ, ಆದರೆ ನಿಮ್ಮ ಥರ ಮೂರು ದಿನಕ್ಕೆ ಬರುವವರು ಒಂದೊಂದು ಚಿತ್ರಕ್ಕೆ ಬೇರೆ ಬೇರೆ ಟಿಕೆಟ್ ತೆಗೆದುಕೊಂಡರೆ ಸಾಕು. ಮುಖ್ಯ ಜಾಗ ಟೌನ್ ಹಾಲ್ ಥಿಯೇಟರ್. ಮೊದಲು ಅದು ಕೋರ್ಟ್ ಕಟ್ಟಡ, ಈಗ ನಾಟಕದ ಥಿಯೇಟರ್, ಸುಮಾರು 400 ಸೀಟು ಅಷ್ಟೆ. ಸಂಜೆ ಹೊಸ ಐರಿಷ್ ಚಿತ್ರ ಇದ್ದರೆ ಅದರಲ್ಲಿ ಕೆಲಸ ಮಾಡಿದವರು, ಅವರ ಅಪ್ಪ ಅಮ್ಮ, ಚಿಕ್ಕಮ್ಮನ ಮಕ್ಕಳು, ಶೂಟಿಂಗ್‌ಗೆ ಮನೆ ಕೊಟ್ಟವರು ಎಲ್ಲ ಬಂದು ಕೂತಿರುತ್ತಾರೆ. ನಮಗೆ ಉಳಿಯುವ ಸೀಟು ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಜೂನ್‌ನಲ್ಲಿ ಕಾರ್ಯಕ್ರಮ ಪಟ್ಟಿ ಬಂದ ದಿನವೇ ಅದರಲ್ಲಿ ಒಂದನ್ನು ಬುಕ್ ಮಾಡಿಬಿಡಿ. ಉಳಿದದ್ದು ನಿಧಾನಕ್ಕೆ ನೋಡಿದರೂ ಆಗುತ್ತೆ.

ಹಳೆಯ ಲೇಖನ ಓದಿ ಪಾಲಾಸ್ ಥಿಯೇಟರ್ ನಂಬಿಕೊಂಡು ಪ್ಲಾನ್ ಮಾಡಬೇಡಿ. 2018ರಲ್ಲಿ ತೆರೆದ ಚಂದದ ಕಟ್ಟಡ, ಬಣ್ಣಬಣ್ಣದ ಕಿಟಕಿಗಳು, 2025ರ ಫೆಬ್ರವರಿಯಲ್ಲಿ ಮುಚ್ಚಿತು. ಯಾವ ಚಿತ್ರ ಎಲ್ಲಿ ಅಂತ ಆ ವರ್ಷದ ಪಟ್ಟಿಯನ್ನೇ ನೋಡಿ. ಐ ಸಿನಿಮಾ ಅಂತ ಇದ್ದರೆ ಅದು ಊರ ಮಧ್ಯದಲ್ಲಿ ಇಲ್ಲ, ಟೌನ್ ಹಾಲ್‌ನಿಂದ ನಡೆದರೆ ಇಪ್ಪತ್ತು ನಿಮಿಷದ ಮೇಲೆ. ಅಮ್ಮನ ಜೊತೆ ಎರಡು ಚಿತ್ರದ ಮಧ್ಯೆ ಅರ್ಧ ಗಂಟೆ ಇಟ್ಟುಕೊಂಡರೆ ಓಡಬೇಕಾಗುತ್ತೆ.

ಅಮ್ಮನಿಗೆ ಬೇಜಾರಾದರೆ ಟೌನ್ ಹಾಲ್‌ನಿಂದ ಹೊರಗೆ ಬಂದು ಸಾಲ್ಮನ್ ವಿಯರ್ ಸೇತುವೆ ಮೇಲೆ ನಿಲ್ಲಿಸಿ. ಎರಡು ನಿಮಿಷದ ದಾರಿ. ಬೇಸಿಗೆಯಲ್ಲಿ ಸಮುದ್ರದಿಂದ ಸಾಲ್ಮನ್ ಮೀನು ನದಿ ಹತ್ತಿ ಬರುತ್ತವೆ, ಸೇತುವೆ ಕೆಳಗೆ ಹರಿವಿಗೆ ಎದುರು ಮುಖ ಮಾಡಿ ನಿಂತಿರುತ್ತವೆ. ಮೊದಲು ಕಾಣಲ್ಲ, ಬರೀ ಕಲ್ಲು ಅನ್ಸುತ್ತೆ. ಆಮೇಲೆ ಒಂದು ಕಲ್ಲು ಬಾಲ ಅಲ್ಲಾಡಿಸುತ್ತೆ! ನಾನು ಅದನ್ನೇ ನೋಡುತ್ತಾ ಒಂದು ಟರ್ಕಿ ದೇಶದ ಚಿತ್ರದ ಮೊದಲ ಹತ್ತು ನಿಮಿಷ ಕಳೆದುಕೊಂಡಿದ್ದೇನೆ.

ಅರ್ಧ ಟಿಕೆಟ್:

ಪ್ರಯಾಣದ ವಿಷಯ ನಾನು ಹೇಳ್ತೀನಿ, ಯಾಕಂದ್ರೆ ಮಾಡಬಾರದ ತಪ್ಪೆಲ್ಲ ನಾನೇ ಮಾಡಿದ್ದೀನಿ. ಡಬ್ಲಿನ್‌ನಿಂದ ಗಾಲ್ವೇ ರೈಲು ಹೊರಡುವುದು ಹ್ಯೂಸ್ಟನ್ ಸ್ಟೇಷನ್‌ನಿಂದ. ನಾನು ಕಾನಲಿ ಅನ್ನುವ ಇನ್ನೊಂದು ಸ್ಟೇಷನ್‌ಗೆ ಹೋಗಿ ಬೋರ್ಡ್ ನೋಡುತ್ತಾ ನಿಂತಿದ್ದೆ. ಎರಡಕ್ಕೂ ಮಧ್ಯೆ ಲುವಾಸ್ ಟ್ರಾಮ್ ಇದೆ ನಿಜ, ಆದರೆ ರೈಲು ನಮಗೆ ಕಾಯಲ್ಲ ಅಲ್ವಾ. ರೈಲಿಗೆ ಎರಡೂವರೆ ಗಂಟೆ ಹಿಡಿಯುತ್ತೆ. ಕೋಚ್ ಬಸ್ಸಿಗೂ ಹೆಚ್ಚೂಕಡಿಮೆ ಅಷ್ಟೇ, ಅವು ಡಬ್ಲಿನ್ ಏರ್‌ಪೋರ್ಟಿನಿಂದಲೂ ನೇರ ಇವೆ. ಅಮ್ಮ ಅದೇ ವಾರ ಬಂದಿಳಿದರೆ ಊರೊಳಗೆ ಬರದೆ ಅಲ್ಲಿಂದಲೇ ಹೊರಡಬಹುದು, ಆದರೆ ಪಾಪ ಅಷ್ಟು ದೂರದ ವಿಮಾನ ಇಳಿದ ಮೇಲೆ ಬೇಡ ಬಿಡಿ.

ರೂಮಿನ ಕಥೆ ಕೇಳಿ. ಉತ್ಸವ ಮುಗಿಯುತ್ತಿದ್ದ ಹಾಗೆ ಅಲ್ಲಿ ಕಲಾ ಉತ್ಸವ ಶುರು, ಅದು ಮುಗಿಯುವ ಹೊತ್ತಿಗೆ ಕುದುರೆ ರೇಸ್ ವಾರ. ಅಂದರೆ ಇಡೀ ಜುಲೈ ಊರು ತುಂಬಿರುತ್ತೆ, ಬಾಡಿಗೆಯೂ ಏರಿರುತ್ತೆ. ನಾನು ಕೊನೇ ವಾರದಲ್ಲಿ ಹುಡುಕಿ "ಊರ ಮಧ್ಯೆ" ಅಂತ ಬರೆದಿದ್ದ ಒಂದು ಮನೆ ಹಿಡಿದೆ. ಹೋಗಿ ನೋಡಿದರೆ ಊರಿಂದ ನಾಲ್ಕು ಕಿಲೋಮೀಟರ್ ದೂರ, ಹಾಸಿಗೆ ಪಕ್ಕ ವಾಷಿಂಗ್ ಮಷೀನ್. ರಾತ್ರಿ ಹನ್ನೊಂದಕ್ಕೆ ಮನೆಯವರು ಬಟ್ಟೆ ಹಾಕಲು ಬಂದರು, ಸಾರಿ ಅಂತ ಹೇಳಿ ಸ್ವಿಚ್ ಒತ್ತಿ ಹೋದರು. ಹಾಗಾಗಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ವಸತಿ ನೋಡಿ, ಕೊರಿಬ್ ವಿಲೇಜ್ ಅಂತ. ಬೇಸಿಗೆ ರಜೆಯಲ್ಲಿ ಹೊರಗಿನವರಿಗೆ ಬಾಡಿಗೆಗೆ ಕೊಡುತ್ತಾರೆ. ಅಡುಗೆಮನೆ ಇರುತ್ತೆ, ಅದು ನಿಮ್ಮ ಅಮ್ಮನಿಗೆ ಬೇಕೇ ಬೇಕು. ಅದೂ ಸಿಗದಿದ್ದರೆ ಆಥೆನ್‌ರೈಯಲ್ಲಿ ಉಳಿಯಿರಿ, ರೈಲಲ್ಲಿ ಇಪ್ಪತ್ತು ನಿಮಿಷದ ಆಸುಪಾಸು. ಕೊನೇ ರೈಲು ಎಷ್ಟಕ್ಕೆ ಅಂತ ನೋಡಿಕೊಂಡು ರಾತ್ರಿಯ ಚಿತ್ರ ಬುಕ್ ಮಾಡಿ. ಉಲ್ಟಾ ಮಾಡಬೇಡಿ.

ಮಂಗಳೂರು ಮಳೆ:

ಎಲ್ಲರೂ ಜಾಗ, ರೂಮು ಅಂತ ಹೇಳಿದರು, ಚಿತ್ರ ಯಾವುದು ಅಂತ ಯಾರೂ ಹೇಳಲಿಲ್ಲ. ನಾನಾದರೆ ಐರಿಷ್ ಭಾಷೆಯ ಚಿತ್ರ ಒಂದನ್ನು ಬಿಡಲೇಬೇಡಿ ಅಂತೀನಿ. ಇಂಗ್ಲಿಷ್‌ನಲ್ಲಿ ಮಾಡಿದ ಐರ್ಲೆಂಡ್ ಚಿತ್ರ ಅಲ್ಲ, ಐರಿಷ್‌ನಲ್ಲೇ ಮಾತಾಡುವ ಚಿತ್ರ. ಈ ಉತ್ಸವ ಶುರು ಮಾಡಿದವರಲ್ಲಿ ಬಾಬ್ ಕ್ವಿನ್ ಒಬ್ಬರು. ಪೂರ್ತಿ ಐರಿಷ್‌ನಲ್ಲಿ ತಯಾರಾದ ಮೊದಲ ಕಥಾಚಿತ್ರ ಅವರದೇ, 1978ರಲ್ಲಿ. ಐರಿಷ್ ಟಿವಿ ಚಾನೆಲ್ ಟಿಜಿ4 ಇರುವುದೂ ಗಾಲ್ವೇಯಿಂದ ಪಶ್ಚಿಮಕ್ಕೆ, ಕಾನೆಮಾರಾದಲ್ಲಿ. ಅಲ್ಲಿ ಜನ ಈಗಲೂ ಮನೆಯಲ್ಲಿ ಆ ಭಾಷೆ ಆಡುತ್ತಾರೆ, ಮತ್ತೆ ಈ ಚಿತ್ರಗಳಿಗೆ ಅವರೇ ಬರುತ್ತಾರೆ.

ಆಗ ಒಂದು ಮಜಾ ನಡೆಯುತ್ತೆ. ಪರದೆ ಮೇಲೆ ಯಾರೋ ಏನೋ ಅಂದರು, ಥಿಯೇಟರಿನ ಎಡಗಡೆ ಅರ್ಧ ಜನ ಗೊಳ್ ಅಂದರು. ಒಂದು ಸೆಕೆಂಡ್ ಬಿಟ್ಟು ಸಬ್‌ಟೈಟಲ್ ಓದಿ ಮುಗಿಸಿದ ಉಳಿದವರು ನಕ್ಕರು. ನಮ್ಮ ಮನೆಮಾತು ತುಳು. ತುಳು ಚಿತ್ರಕ್ಕೆ ಬೆಂಗಳೂರಿನ ಗೆಳೆಯರನ್ನು ಕರೆದುಕೊಂಡು ಹೋದಾಗ ಇದೇ ಆಗುತ್ತಿತ್ತು, ನಾನು ಆ ಮೊದಲ ನಗುವಿನ ಪಾರ್ಟಿ. ಇಲ್ಲಿ ಎರಡನೇ ನಗುವಿನ ಪಾರ್ಟಿಗೆ ಸೇರಿದೆ, ಸ್ವಲ್ಪ ಹೊಟ್ಟೆಕಿಚ್ಚೇ ಆಯ್ತು. ಬೆಲ್‌ಫಾಸ್ಟ್‌ನ ರ‍್ಯಾಪ್ ಹುಡುಗರ "ನೀಕ್ಯಾಪ್" 2024ರಲ್ಲಿ ಇಲ್ಲಿ ಮೂರು ಪ್ರಶಸ್ತಿ ಹೊಡೆಯಿತು, ಪ್ರೇಕ್ಷಕರ ಪ್ರಶಸ್ತಿಯೂ ಸೇರಿ. ಅದರ ತುಂಬ ಬೈಗುಳ, ಡ್ರಗ್ಸ್. ಅಂಥದ್ದು ಬಂದರೆ ಅಮ್ಮನನ್ನು ಮೀನು ನೋಡಲು ಬಿಟ್ಟು ನೀವೊಬ್ಬರೇ ಹೋಗಿ.

ಸಬ್‌ಟೈಟಲ್ ಓದುವ ಅಭ್ಯಾಸ ಇರುವವರಿಗೆ ಇಂಗ್ಲಿಷ್ ಮಾತಿನ ಚಿತ್ರಕ್ಕಿಂತ ಇವೇ ಸುಲಭ. ಪಶ್ಚಿಮ ಐರ್ಲೆಂಡ್‌ನವರ ಇಂಗ್ಲಿಷ್ ನನಗೇ ಅರ್ಧ ಹಾರಿಹೋಗುತ್ತೆ, ಅದಕ್ಕೆ ಸಬ್‌ಟೈಟಲ್ ಇರಲ್ಲ.

ಕ್ಯಾಮೆರಾ ಹಿಂದಿನವನು:

ಮೇಲಿನವರ ಮಾತಿಗೆ ಪೂರ್ತಿ ಒಪ್ಪಲ್ಲ. ದೊಡ್ಡ ಚಿತ್ರ ಇವತ್ತಲ್ಲ ನಾಳೆ ಎಲ್ಲಾದರೂ ಬರುತ್ತೆ. ಇಲ್ಲಿ ಬಿಟ್ಟರೆ ಮತ್ತೆ ಸಿಗದಿರುವುದು ಕಿರುಚಿತ್ರಗಳು. ಬೆಳಗಿನ ಹೊತ್ತು ಟೌನ್ ಹಾಲ್‌ನಲ್ಲಿ ಹೊಸ ಐರಿಷ್ ಕಿರುಚಿತ್ರಗಳನ್ನು ಒಟ್ಟಿಗೆ ತೋರಿಸುತ್ತಾರೆ. ಇಲ್ಲಿ ಗೆದ್ದ ಕಿರುಚಿತ್ರ ಆಸ್ಕರ್ ಸ್ಪರ್ಧೆಗೆ ಅರ್ಹತೆ ಪಡೆಯುತ್ತೆ, ಹಾಗಾಗಿ ಮಾಡಿದವರ ಕೈ ನಡುಗುತ್ತಿರುತ್ತೆ. ನನ್ನ ಮುಂದಿನ ಸಾಲಿನಲ್ಲಿ ಒಮ್ಮೆ ಒಬ್ಬ ಅಮ್ಮ ಕೂತಿದ್ದರು, ಮಗನ ಹೆಸರು ಪರದೆ ಮೇಲೆ ಬಂದಾಗ ಫೋನ್ ತೆಗೆದು ಫೋಟೋ ಹೊಡೆದರು, ಫ್ಲ್ಯಾಷ್ ಆನ್ ಇತ್ತು, ಫೋಟೋದಲ್ಲಿ ಬರೀ ಬೆಳ್ಳಗೆ ಪರದೆ ಬಂತು. ಪಕ್ಕದಲ್ಲಿದ್ದ ಅಪರಿಚಿತ ಹುಡುಗಿ, ಪರವಾಗಿಲ್ಲ ಕೊನೆಯಲ್ಲಿ ಮತ್ತೆ ಬರುತ್ತೆ, ಫ್ಲ್ಯಾಷ್ ನಾನು ಆಫ್ ಮಾಡಿಕೊಡ್ತೀನಿ ಅಂದಳು. ನಿಮ್ಮ ಅಮ್ಮನಿಗೆ ಚಿತ್ರ ಅರ್ಥ ಆಗದಿದ್ದರೂ ಇದು ಅರ್ಥ ಆಗುತ್ತೆ. ಜೊತೆಗೆ ಒಂದು ಹಿಡಿಸದಿದ್ದರೆ ಹದಿನೈದು ನಿಮಿಷಕ್ಕೆ ಮುಗಿಯುತ್ತೆ, ಮುಂದಿನದು ಬರುತ್ತೆ.

ಚಿಕ್ಕ ದುಡ್ಡಿನ "ಒನ್ಸ್" ಮೊದಲು ತೆರೆ ಕಂಡಿದ್ದೂ ಇಲ್ಲೇ, 2006ರ ಜುಲೈನಲ್ಲಿ. ಅದರ ಹಾಡಿಗೆ ಆಮೇಲೆ ಆಸ್ಕರ್ ಬಂತು. ಆ ದಿನ ಥಿಯೇಟರಲ್ಲಿ ಕೂತಿದ್ದೆ ಅಂತ ಹೇಳಿಕೊಳ್ಳುವವರನ್ನೆಲ್ಲ ಸೇರಿಸಿದರೆ ಟೌನ್ ಹಾಲ್‌ಗೆ ನಾಲ್ಕು ಸಲ ತುಂಬುವಷ್ಟು ಜನ ಆಗ್ತಾರೆ.

ಸಂಜೆ ರೋಯಿಂಗ್ ಕ್ಲಬ್ ಅಂತ ಒಂದು ಜಾಗ ಇದೆ, ನದಿ ಪಕ್ಕ. ಚಿತ್ರ ಮಾಡಿದವರು, ನೋಡಿದವರು ಎಲ್ಲ ಅಲ್ಲಿ ಸೇರುತ್ತಾರೆ. ನಮ್ಮ ಕಡೆ ಹಾಗೆ ನಿರ್ದೇಶಕರ ಹತ್ತಿರ ಹೋಗಿ ನಿಮ್ಮ ಚಿತ್ರ ಸ್ವಲ್ಪ ಎಳೆದ ಹಾಗಾಯ್ತು ಅನ್ನಲು ಆಗುತ್ತಾ? ಇಲ್ಲಿ ಅಂದೆ. ಅವರು ಹೌದು ಹನ್ನೆರಡು ನಿಮಿಷ ಕತ್ತರಿಸಬೇಕಿತ್ತು ಅಂದರು.

ಚಟ್ನಿಪುಡಿ:

ಊಟ ನನ್ನ ಇಲಾಖೆ. ಗಾಲ್ವೇ ಮೀನಿನ ಊರು, ಸಿಂಪಿಯ ಊರು. ಸಸ್ಯಾಹಾರ ಸಿಗುತ್ತೆ, ಆದರೆ ಮೊಟ್ಟೆ ಇಲ್ಲ ಅಂತ ಪ್ರತಿ ಸಲ ಕೇಳಬೇಕು, ಕೇಕ್, ಬನ್ ಎಲ್ಲದಕ್ಕೂ. ನಮ್ಮ ಅತ್ತೆ ಬಂದಾಗ ನಾನು ಬೆಳಿಗ್ಗೆ ಚಪಾತಿ ಮಾಡಿ, ಪಲ್ಯ ಸುತ್ತಿ, ಫಾಯಿಲ್ ಹಾಕಿ ಬ್ಯಾಗಲ್ಲಿ ಇಟ್ಟುಕೊಂಡೆ. ಸ್ಪ್ಯಾನಿಶ್ ಆರ್ಚ್ ಹತ್ತಿರ ಹುಲ್ಲಿನ ಮೇಲೆ ಕೂತು ತಿಂದೆವು. ಕಡಲಹಕ್ಕಿಗಳ ಬಗ್ಗೆ ಹುಷಾರು, ತಲೆ ಮೇಲಿಂದ ಬಂದು ಕೈಯಿಂದಲೇ ಕಿತ್ತುಕೊಂಡು ಹೋಗ್ತವೆ. ಅತ್ತೆಯ ಚಪಾತಿ ಹಾಗೇ ಹೋಯ್ತು, ಅದರಲ್ಲಿ ಹಸಿಮೆಣಸಿನಕಾಯಿ ಇತ್ತು, ಆ ಹಕ್ಕಿಗೆ ಏನಾಯ್ತೋ ಗೊತ್ತಿಲ್ಲ. ಶನಿವಾರ ಇದ್ದರೆ ಸೇಂಟ್ ನಿಕೊಲಸ್ ಚರ್ಚ್ ಪಕ್ಕ ಸಂತೆ ಇರುತ್ತೆ, ಹಣ್ಣು, ಚೀಸ್, ಬಿಸಿ ತಿಂಡಿ.

ಕೊಡೆ ಒಯ್ಯಬೇಡಿ. ಗಾಳಿಗೆ ತಿರುಗಿ ಬಟ್ಟಲಾಗುತ್ತೆ. ಟೊಪ್ಪಿಗೆ ಇರುವ ರೈನ್‌ಕೋಟ್ ಒಯ್ಯಿರಿ, ಅಮ್ಮನಿಗೆ ಸೀರೆ ಮೇಲೆ ಸ್ವೆಟರ್, ಕಾಲಿಗೆ ಶೂ. ಜುಲೈ ಅಂತ ಮೋಸ ಹೋಗಬೇಡಿ. ಇನ್ನೊಂದು, ಸಂಜೆ ಏಳರ ಚಿತ್ರ ಮುಗಿಸಿ ಹೊರಗೆ ಬಂದರೆ ಇನ್ನೂ ಬೆಳಕಿರುತ್ತೆ, ಹತ್ತಕ್ಕೆ ಸೂರ್ಯ ಮುಳುಗುವುದು. ನಮ್ಮತ್ತೆ ಗಡಿಯಾರ ಕೆಟ್ಟಿದೆ ಅಂತ ಹಟ ಮಾಡಿದರು.

ಲಂಡನ್‌ನಿಂದ ಇಣುಕಿದವನು:

ಬ್ರಿಟನ್‌ನಿಂದ ಬರುವ ಯೋಚನೆ ಇರುವವರಿಗೆ ಒಂದು ಮಾತು. ಇಲ್ಲಿ ಕೆಲಸದ ವೀಸಾ ಇದ್ದರೂ ಭಾರತದ ಪಾಸ್‌ಪೋರ್ಟ್‌ಗೆ ಐರ್ಲೆಂಡ್ ವೀಸಾ ಬೇರೆ ಬೇಕು. ಶೆಂಗೆನ್ ವೀಸಾ ಅಲ್ಲಿ ನಡೆಯಲ್ಲ. ನಾನು ಚಿತ್ರದ ಟಿಕೆಟ್ ಮೊದಲು ತೆಗೆದು ವೀಸಾ ಆಮೇಲೆ ನೋಡಿದವನು. ಟಿಕೆಟ್ ಈಗಲೂ ಫೋನಲ್ಲಿದೆ.

ಕೊರಿಬ್ ದಂಡೆ:

ಒಂದು ವಿಷಯ ಬರೆಯಲೋ ಬೇಡವೋ ಅಂತ ಇದ್ದೆ. ನಮ್ಮವರಿಗೆ ಗಾಲ್ವೇ ಅಂದರೆ ಸವಿತಾ ಹಾಲಪ್ಪನವರ್ ನೆನಪಾಗ್ತಾರೆ. ಬೆಳಗಾವಿಯವರು, 2012ರಲ್ಲಿ ಇದೇ ಊರಿನ ಆಸ್ಪತ್ರೆಯಲ್ಲಿ, ಕೇಳಿದರೂ ಗರ್ಭಪಾತ ಮಾಡದೆ ಹೋಗಿ, ತೀರಿಕೊಂಡರು. 2018ರ ಜನಮತದಲ್ಲಿ ಗರ್ಭಪಾತದ ಕಾನೂನು ಬದಲಾಯಿತಲ್ಲ, ಆಗ ಇಡೀ ದೇಶದಲ್ಲಿ ಅವರ ಫೋಟೋ ಇತ್ತು. ಒಂದು ವರ್ಷ ಸಾಕ್ಷ್ಯಚಿತ್ರಕ್ಕೆ ಸಾಲಿನಲ್ಲಿ ನಿಂತಿದ್ದಾಗ ಪಕ್ಕದ ಅಜ್ಜಿ ಎಲ್ಲಿಯವಳು ಅಂತ ಕೇಳಿದರು. ಕರ್ನಾಟಕ ಅಂದೆ. ಅವರು ಆ ಹೆಸರು ಹೇಳಿ ನನ್ನ ಕೈ ಹಿಡಿದುಕೊಂಡರು, ಬಾಗಿಲು ತೆರೆಯುವವರೆಗೆ ಬಿಡಲಿಲ್ಲ. ಅಮ್ಮನಿಗೂ ಯಾರಾದರೂ ಹಾಗೆ ಅನ್ನಬಹುದು, ಮೊದಲೇ ಹೇಳಿಟ್ಟಿರಿ.

ಸಾಗರದ ಹುಡುಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟೆಲ್ಲ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಬುಧ, ಗುರು, ಶುಕ್ರ ಅಂತ ರಜೆ ಹಾಕಿದೆ. ಕೊರಿಬ್ ವಿಲೇಜ್‌ಗೆ ಮೇಲ್ ಕಳಿಸಿದ್ದೇನೆ. ಬೆಳಿಗ್ಗೆ ಕಿರುಚಿತ್ರ ಒಂದು ದಿನ, ಐರಿಷ್ ಭಾಷೆಯದು ಒಂದು, ಉಳಿದದ್ದು ಅಮ್ಮ ಪಟ್ಟಿ ನೋಡಿ ಆರಿಸಲಿ. ನಿನ್ನೆ ಫೋನಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಸವಿತಾ ವಿಷಯಕ್ಕೆ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಚಪಾತಿಗೆ ಹಿಟ್ಟು ಅಲ್ಲೇ ಸಿಗುತ್ತೋ ಇಲ್ಲಿಂದ ತರಲೋ ಅಂದರು. ಇಡುವ ಮೊದಲು ಮತ್ತೆ ಕೇಳಿದರು, ಆ ಸೇತುವೆ ಮೇಲೆ ಮೀನು ನೋಡಲು ಟಿಕೆಟ್ ಇದೆಯಾ ಅಂತ.

ಕೊರಿಬ್ ದಂಡೆ:

ಇಲ್ಲ, ಪುಕ್ಕಟೆ. ಪಕ್ಕದಲ್ಲೇ ನಡೆಯುವವರಿಗೆ ಅಂತ ಹೊಸ ಸೇತುವೆ ಬೇರೆ ಕಟ್ಟಿದ್ದಾರೆ, ವಾಹನದ ಕಾಟ ಇಲ್ಲ. ಮೋಡ ಇಲ್ಲದ ದಿನ ನೋಡಿ ಹೋಗಿ, ನೀರೊಳಗೆ ಚೆನ್ನಾಗಿ ಕಾಣುತ್ತೆ. ಹಿಟ್ಟು ಇಲ್ಲೇ ಸಿಗುತ್ತೆ, ತರುವುದು ಬೇಡ. ಸಾಗರದ ಅಪ್ಪೆಮಿಡಿ ಉಪ್ಪಿನಕಾಯಿ ಇದ್ದರೆ ತರಲು ಹೇಳಿ, ಟೌನ್ ಹಾಲ್ ಬಾಗಿಲಲ್ಲಿ ಬಂದು ಇಸಿದುಕೊಳ್ತೀನಿ.