ನಿಟ್ಟಿಂಗ್ ಮಷಿನ್ ಆಪರೇಟರ್ ಕೆಲಸಕ್ಕ ಮಗ್ಗ ಬಿಟ್ಟು ಹೋಗಬೇಕೋ ಬ್ಯಾಡೋ? ಗೊತ್ತಿದ್ದವರು ಹೇಳ್ರಿ

ರಬಕವಿ ಹುಡುಗ
ನಮಸ್ಕಾರ ರೀ ಎಲ್ಲಾರಿಗೂ. ತಮ್ಮಗ 22 ವರ್ಷ. ಐಟಿಐ ಫಿಟ್ಟರ್ ಆಗೈತಿ, ಮನ್ಯಾಗಿನ ನಾಕು ಮಗ್ಗ ಅವನ ನಡಸ್ತಾನ. ತಿರುಪ್ಪೂರಿನ ಒಂದು ಯೂನಿಟ್‌ನವರು ಸರ್ಕ್ಯುಲರ್ ನಿಟ್ಟಿಂಗ್ ಮಷಿನ್ (ಸುತ್ತ ತಿರಗಿ ಬನಿಯನ್, ಟೀ ಶರ್ಟ್ ಬಟ್ಟಿ ಹೆಣಿಯೂ ಮಷಿನ್) ಆಪರೇಟರ್ ಅಂತ ಕರದಾರ. 12 ತಾಸಿನ ಪಾಳಿ, ರೂಮು ಅವರದ. ಬೆಳಗಾವ್ಯಾಗ ಒಬ್ಬರು ಕಾಲರ್ ಮಷಿನ್ ಮ್ಯಾಲ ಬಾ ಅಂತಾರ, ಪಗಾರ ಕಡಿಮಿ. ಮುಂದ ಹತ್ತು ವರ್ಷ ಈ ಕೆಲಸ ಉಳಿತೈತೇನ್ರಿ, ಇಲ್ಲಾ ಮಗ್ಗನ ಹಿಡಕೊಂಡು ಕೂಡೂದು ಚೊಲೋನ?

ಮಹಾಲಿಂಗಪುರದಾಂವ, ಈಗ ತಿರುಪ್ಪೂರ
ಆಪರೇಟರ್ ಅಂದ್ರ ಏನು ಅನ್ನೂದರ ಮ್ಯಾಲ ಐತಿ. ನೂಲು ಹರಿದ್ರ ಗಂಟು ಹಾಕೂದು, ಕೆಂಪು ದೀಪ ಆರಿಸೂದು, ಬಟನ್ ಒತ್ತೂದು, ಇಷ್ಟ ಬರೂದಿದ್ರ ಭವಿಷ್ಯ ಕೇಳಬ್ಯಾಡ್ರಿ. ನೀಡಲ್ ಡಿಟೆಕ್ಟರ್, ಲೈಕ್ರಾ ಸೆನ್ಸರ್, ಬಟ್ಟಿ ನೋಡೂ ಕ್ಯಾಮೆರಾ ಬಂದಂಗ ಒಬ್ಬನ ಕೈಗೆ ಕೊಡೂ ಮಷಿನ್ ಹೆಚ್ಚಾಗಾಕ ಹತ್ಯಾವ. ಗಂಟು ಹಾಕಾಂವ ಕಡಿಮಿ ಸಾಕು, ಸೂಜಿ-ಕ್ಯಾಮ್ (ಸೂಜಿ ಮ್ಯಾಲ ಕೆಳಗ ಮಾಡೂ ಭಾಗ) ಗೊತ್ತಿದ್ದಾಂವ ಸಿಗೂದಿಲ್ಲ.

ಲೆಕ್ಕ ನೋಡ್ರಿ. 30 ಇಂಚಿನ ಡಯಾ (ಸಿಲಿಂಡರಿನ ಅಗಲ), 24 ಗೇಜ್ (ಇಂಚಿಗೆ 24 ಸೂಜಿ) ಸಿಂಗಲ್ ಜರ್ಸಿ (ಟೀ ಶರ್ಟ್ ಬಟ್ಟಿ) ಅಂದ್ರ ಸುಮಾರು 2,260 ಸೂಜಿ, ಅಷ್ಟ ಸಿಂಕರ್ (ಲೂಪ್ ಹಿಡಿಯೂ ತಗಡು), 90 ಫೀಡರ್ (ಸೂಜಿಗೆ ನೂಲು ಕೊಡೂ ಜಾಗ). 30ರ ನೂಲು (30 ಅಂದ್ರ ನೂಲು ಎಷ್ಟು ಸಣ್ಣ ಅನ್ನೂ ಕೌಂಟ್), 2.8 ಮಿಲಿಮೀಟರ್ ಲೂಪ್ (ಒಂದು ಹೆಣಿಕಿಗೆ ಹೋಗೂ ನೂಲು), ನಿಮಿಷಕ್ಕ 25 ಸುತ್ತು. ಎಲ್ಲೂ ನಿಲ್ಲದ ಓಡಿದ್ರ ತಾಸಿಗೆ 16.8 ಕೆಜಿ ಬರಬೇಕು. 85 ಪರ್ಸೆಂಟ್ ಹಿಡಿದ್ರ 14.3, ಅಂದ್ರ 12 ತಾಸಿಗೆ 170 ಕೆಜಿ. ಪಾಳಿಗೆ 140 ಬಂತಂದ್ರ ಆಪರೇಟರ್ ಮಲಗಿದ್ದ ಅಂತ ಬೈತಾರ. ಆದ್ರ ಬಾಳ ಸಲ ಕಾರಣ ಕೋನ್ (ನೂಲು ಸುತ್ತಿದ ಉಂಡಿ). ಮೇಣ ಸರಿ ಹತ್ತದ ನೂಲು, ಕೋನಿನ ಬುಡದಾಗ ಸಿಕ್ಕೊಳ್ಳೂ ನೂಲು, ದಪ್ಪ ಗಂಟು. ಯಾವ ಫೀಡರಿನ್ಯಾಗ ಎಷ್ಟು ಸಲ ನಿಂತಿತು ಅಂತ ಬರದಿಟ್ರ ಎರಡು ಪಾಳ್ಯಾಗ ಗೊತ್ತಾಗತೈತಿ: ಒಂದ ಫೀಡರಿನ್ಯಾಗ ನಿಂತ್ರ ಮಷಿನಿಂದು, ಎಲ್ಲಾ ಕಡೆ ಹಂಚಿ ನಿಂತ್ರ ನೂಲಿಂದು.

ದೋಷ ಗುರುತಿಸೂದು ಬರಲಿ ಮೊದಲ. ಉದ್ದಕ ಗೆರಿ ಬಂದ್ರ ಸೂಜಿ ಇಲ್ಲಾ ಸಿಂಕರ್. ಅಡ್ಡ ಪಟ್ಟಿ ಬಂದ್ರ ಅಳತಿ ತಗೀರಿ. ಸೆಂಟಿಮೀಟರಿಗೆ 20 ಸಾಲು ಇದ್ದ ಬಟ್ಟಿಯೊಳಗ ನಾಲ್ಕೂವರೆ ಸೆಂಟಿಮೀಟರಿಗೊಮ್ಮೆ ಅದ ಪಟ್ಟಿ ಬಂದ್ರ ಅದು 90 ಸಾಲಿಗೊಮ್ಮೆ ಬಂದಂಗ, ಒಂದು ಫೀಡರಿನ ದೋಷ. ಆ ಫೀಡರಿನ ಬೆಲ್ಟ್ ಜಾರತೈತೋ, ಟೆನ್ಶನ್ 4ರಿಂದ 6 ಗ್ರಾಂ ಒಳಗ ಐತೋ, ಬ್ಯಾರೆ ಲಾಟಿನ ಕೋನ್ ಸೇರೈತೋ ನೋಡಬೇಕು. ಇದನ್ನ ಬಿಟ್ಟು ಕ್ಯಾಮ್ ತಿರುವೂ ಮಂದೀನ ಹೆಚ್ಚು. ಕ್ಯಾಮ್ ತಿರುವಿದ್ರ ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟಿಯ ತೂಕ) ಹೋಗತೈತಿ, ಆಮ್ಯಾಲ ಡೈಯಿಂಗ್‌ದಾಗ ಜಗಳ.

ಬನಹಟ್ಟಿ ಮಾಲಕ
170 ಕೆಜಿ ಯಾರಿಗೆ ಬರತೈತಿ? ಸೇಠಗ. ಹುಡುಗಗ ಪಾಳಿ ಪಗಾರ ಅಷ್ಟ. 2025ರ ಆಗಸ್ಟ್‌ದಾಗ ಅಮೆರಿಕಾದವರು 50 ಪರ್ಸೆಂಟ್ ಸುಂಕ ಹಾಕಿದ ಮ್ಯಾಲ ತಿರುಪ್ಪೂರಿನ ಆರ್ಡರ್ ಏನಾದೂ ಅಂತ ಪೇಪರಿನ್ಯಾಗ ಎಲ್ಲಾರೂ ಓದೇವಿ. ಪಾಳಿ ಕಡಿಮಿ ಆದ್ರ ಮೊದಲ ಮನಿಗೆ ಹೋಗಾವ ಹೊರಗಿನ ಹುಡುಗ. ಮಗ್ಗ ಮನ್ಯಾಗಿಂದು. 10 ಎಚ್‌ಪಿ ಒಳಗಿನ ಮಗ್ಗಕ್ಕ ಕರೆಂಟ್ ಪುಕ್ಕಟ ಮಾಡ್ಯಾರ. ನಿಟ್ಟಿಂಗ್‌ಗೆ ಯಾರು ಕೊಡ್ತಾರ?

ಸೀರಿ ನೇಯಾವಗ ಹಾಸು ಹೂಡೂದು, ಬೀಮ್, ಜಕಾರ್ಡ್, ಲಾಳಿ ಏಟು ಎಲ್ಲಾ ಗೊತ್ತಿರತೈತಿ. ನಿಟ್ಟಿಂಗ್‌ನ್ಯಾಗ ಕೋನ್ ಇಟ್ಟು ನೂಲು ಸಿಗಸೂದು. ಅದೇನು ಕಲಿಯೂದೈತಿ? ನೂಲು ನೂಲ.

ಮಹಾಲಿಂಗಪುರದಾಂವ, ಈಗ ತಿರುಪ್ಪೂರ
ಮಾಲಕರ, "ನೂಲು ನೂಲ" ಅಂದ್ರಲ್ಲಾ, ಅಲ್ಲೇ ಸಿಗಬಿದ್ರಿ. ನಿಮ್ಮ ಹಾಸಿನ ನೂಲಿಗೆ ಹುರಿ ಹೆಚ್ಚು, ಟ್ವಿಸ್ಟ್ ಮಲ್ಟಿಪ್ಲೈಯರ್ (ಹುರಿಯ ಅಳತಿ) 4ರ ಮ್ಯಾಲ. ಹೋಜಿಯರಿ (ನಿಟ್ಟಿಂಗ್) ನೂಲಿಗೆ 3.4ರಿಂದ 3.6. ಹಾಸಿನ ನೂಲು ತಂದು ನಿಟ್ಟಿಂಗ್‌ಗೆ ಹಾಕ್ರಿ, ಫೀಡರಿನ ಮುಂದ ನೂಲು ಸುರುಳಿ ಸುತ್ತತೈತಿ, ಸೂಜಿಯ ಲ್ಯಾಚ್ (ಕೊಕ್ಕಿ ಮುಚ್ಚೂ ನಾಲಿಗಿ) ಮುರಿತೈತಿ. ಬಟ್ಟಿ ಬಂದ್ರೂ ಒಗದ ಮ್ಯಾಲ ಸೊಟ್ಟ ತಿರಗಿ ಟೀ ಶರ್ಟಿನ ಬಗಲ ಹೊಲಿಗಿ ಹೊಟ್ಟಿ ಮ್ಯಾಲ ಬರತೈತಿ. ಅದು ಗೊತ್ತಿರಲಾರದ ಲಾಟಿಗೆ ಲಾಟ್ ರಿಜೆಕ್ಟ್ ಆಗ್ಯಾವ.

ಸುಂಕದ ಮಾತು ಖರೇ. ಅದಕ್ಕ ಎಕ್ಸ್‌ಪೋರ್ಟ್ ಒಂದ ಮಾಡೂ ಯೂನಿಟ್‌ಗೆ ಹೋಗಬಾರದು, ಒಳಗಿನ ಮಾರ್ಕೆಟ್ಟಿಗೂ ಬನಿಯನ್ ಬಟ್ಟಿ ಮಾಡೂ ಕಡೆ ಹೋಗಬೇಕು.

ಖಾಸಬಾಗ ಕಾಲರ್
ಬೆಳಗಾವಿ ಕಾಲರ್ ಅಂದ್ರು ಅಂತ ಬರೀತೀನಿ. ಕಂಪ್ಯೂಟರ್ ಫ್ಲಾಟ್ ಮಷಿನ್, 52 ಇಂಚಿನ ಬೆಡ್ (ಸೂಜಿ ಸಾಲಾಗಿ ಕೂಡೂ ಪಟ್ಟಿ), 14 ಗೇಜ್. ಒಂದು ಬೆಡ್ಡಿಗೆ 728 ಸೂಜಿ, ಎರಡಕ್ಕ 1,456. ಸೆಕೆಂಡ್‌ಹ್ಯಾಂಡ್ ಚೀನಾ ಮಷಿನ್ 5,80,000ಕ್ಕ ಬಂತು. ಲಾರಿ ಬಾಡಿಗಿ 19,000, ಕ್ರೇನ್ 4,500, ನೆಲ ಸಮ ಮಾಡಿ ಕಾಂಕ್ರೀಟ್ ಹಾಕಸಾಕ 11,000, ಸರ್ವೋ ಸ್ಟೆಬಿಲೈಜರ್ 23,500, ಕಂಟ್ರೋಲಿಗೆ ಯುಪಿಎಸ್ 14,000, ಸ್ಟೀಮ್ ಪ್ರೆಸ್ 21,000. ಇದರಾಗ ಒಂದು ಕಾಲರೂ ಇನ್ನ ಹೊರಗ ಬಂದಿಲ್ಲ ನೋಡ್ರಿ.

ಆಮ್ಯಾಲ ಸೂಜಿ. ಕ್ಯಾರೇಜ್ (ಬೆಡ್ಡಿನ ಮ್ಯಾಲ ಅತ್ತಿತ್ತ ಓಡೂ ಭಾಗ) ಹೊಡದ್ರ ಒಂದು ಸೂಜಿ ಮುರಿಯೂದಿಲ್ಲ, ಸಾಲಾಗಿ ಹತ್ತು ಹದಿನೈದು ಹೋಗತಾವ. ಬಾಳ ಸಲ ಕಾರಣ ಒಂದ: ಕೆಳಗ ಎಳೆಯೂ ರೋಲರಿನ ಬಿಗಿ ಕಡಿಮಿ, ಲೂಪ್ ಮ್ಯಾಲ ಎದ್ದು ಸೂಜಿ ಮ್ಯಾಲ ಪೇರಿಕೊಳ್ತಾವ, ಕ್ಯಾರೇಜ್ ಬಂದು ಅದಕ್ಕ ಬಡಿತೈತಿ. ಹೊಸ ಸ್ಟೈಲ್ ಹಾಕಿದ ಮೊದಲ 30 ಸಾಲು ನಿಧಾನಕ ಓಡಸಬೇಕು, ಮುಂದ ನಿಂತು ನೋಡಬೇಕು. ಕಂಟ್ರೋಲ್ ಬೋರ್ಡ್ ಒಮ್ಮೆ ಹೋತು, ರಿಪೇರಿಗೆ 32,000. ಮಾರಿದಾವ ಫೋನ್ ಎತ್ತಲಿಲ್ಲ.

ಕಾಲರ್ ಒಂದೊಂದ ನೇಯೂದಿಲ್ಲ, ಪಟ್ಟಿಯಾಗಿ ಸಾಲಾಗಿ ಬರತಾವ. ನಡಕ ಡ್ರಾ ಥ್ರೆಡ್ ಅಂತ ನೈಲಾನ್ ಎಳಿ, ಅದನ್ನ ಜಗ್ಗಿದ್ರ ಬಿಡತಾವ. ಆ ಎಳಿಯ ಸಾಲು ಬಿಗಿ ಆದ್ರ ಜಗ್ಗೂವಾಗ ಕಾಲರಿನ ತುದಿ ಹರಿತೈತಿ. ಸಡ್ಲ ಆದ್ರ ತುದಿ ಅಲಿಅಲಿ ಆಗತೈತಿ. ಬೆಡ್ಡಿನ ಮ್ಯಾಲ ಒಂದ ಸಲಕ್ಕ ಎರಡು, ನಾಕು ನಿಮಿಷಕ್ಕ. ಎಂಟು ತಾಸಿಗೆ 240. ಮಜೂರಿ ಕಾಲರಿಗೆ 5 ರೂಪಾಯಿ ಅಂದ್ರ 1,200. ಇದರಾಗ ಆಪರೇಟರ್ ಪಗಾರ, ಕರೆಂಟ್, ಬ್ಯಾಂಕಿನ ಕಂತು. ಕಾಲರಿನ ಬಣ್ಣ ಟೀ ಶರ್ಟಿನ ಬಣ್ಣಕ್ಕ ಕೂಡಲಿಲ್ಲ ಅಂದ್ರ ವಾಪಸ್. ಕಾಲರ್ ಬಣ್ಣದ ನೂಲಿಂದ ಮಾಡ್ತೇವಿ, ಬಟ್ಟಿ ನೇಯ್ದ ಮ್ಯಾಲ ಬಣ್ಣ ಹಾಕ್ತಾರ. ಎರಡೂ ಒಂದ ಆಗೂದ ಹೆಂಗ?

ವಿಜಯಪುರ ಸಾಕ್ಸ್
ಕಾಲರ್ ಬಿಡ್ರಿ, ಸಾಕ್ಸ್ ಮಷಿನ್ ಬಗ್ಗೆ ಯಾರೂ ಹೇಳವಲ್ಲರು. ಸರ್ಕಾರಿ ಸಾಲಿ ಹುಡುಗರಿಗೆ ಒಂದು ಜೊತಿ ಬೂಟು, ಎರಡು ಜೊತಿ ಸಾಕ್ಸ್ ಕೊಡ್ತಾರ, ಖರೀದಿ ಎಸ್‌ಡಿಎಂಸಿ ಕೈಯಾಗ ಅದ. ಮಾರ್ಕೆಟ್ ಇಲ್ಲೇ ಅದ. ಮಷಿನ್ 3¾ ಇಂಚಿನ ಸಿಲಿಂಡರ್, 144 ಸೂಜಿ. ಒಂದು ಕಾಲಿಗೆ ಎರಡು ನಿಮಿಷದ ಆಸುಪಾಸು. ಕೇಳಾಕ ಚಂದ ಅದ.

ಈಗ ಯಾರೂ ಹೇಳಲಾರದ್ದು ಹೇಳ್ತೀನಿ. ಮಷಿನ್‌ಕಿಂತ ಕಂಪ್ರೆಸರ್ ಹೆಚ್ಚು ಕರೆಂಟ್ ತಿಂತದ. ಸಾಕ್ಸ್ ಮಷಿನ್‌ಗೆ ಗಾಳಿ ಬೇಕು, ಸಕ್ಷನ್ ಬೇಕು. ಗಾಳ್ಯಾಗ ನೀರು ಬಂದ್ರ ವಾಲ್ವ್ ಜಾಮ್ ಆಗ್ತಾವ, ನೂಲು ಬದಲಿ ಮಾಡೂ ಫಿಂಗರ್ ತಡದು ಬೀಳ್ತದ, ಹಿಮ್ಮಡಿ ಮ್ಯಾಲ ತೂತು ಬೀಳ್ತದ. ಟ್ಯಾಂಕಿನ ನೀರು ದಿನಾ ಬಿಡಬೇಕು, ಏರ್ ಡ್ರೈಯರ್ ಹಾಕಬೇಕು. ಡ್ರೈಯರ್ 38,000. ಆಮ್ಯಾಲ ಬೆರಳಿನ ತುದಿ ಮುಚ್ಚೂ ಮಷಿನ್ ಬ್ಯಾರೆ, ಬೋರ್ಡಿಂಗ್‌ಗೆ (ಸಾಕ್ಸಿಗೆ ಆಕಾರ ಕೂಡಸಾಕ) ಲೋಹದ ಕಾಲು, ಸ್ಟೀಮ್ ಬ್ಯಾರೆ. ಮ್ಯಾಲಿನ ಪಟ್ಟಿಗೆ ಕವರ್ಡ್ ರಬ್ಬರ್ ಅಗ್ಗದ್ದು ಹಾಕಿದ್ರ ಮೂರು ಒಗತಕ್ಕ ಸಾಕ್ಸ್ ಜಾರಿ ಬೂಟಿನ್ಯಾಗ ಹೋಗ್ತದ.

ಮಾರ್ಚ್‌ದಿಂದ ಮೇ ತನಕ ನಮ್ಮ ಕಡೆ ಗಾಳಿ ಒಣ, ಅದ ಹೊತ್ತಿಗೆ ಸಾಲಿ ಮಾಲು ಕೇಳ್ತಾರ. ತೇವ 55ರಿಂದ 65 ಪರ್ಸೆಂಟ್ ಇರಬೇಕು. ಇಲ್ಲಂದ್ರ ಹತ್ತಿ ನೂಲು ಪಟಪಟ ಹರಿತದ, ನೈಲಾನ್ ಕೈಗೆ ಅಂಟ್ತದ. ಮಷಿನ್ ಸುತ್ತ ನೆಲಕ್ಕ ನೀರು ಹೊಡೀರಿ, ಗೋಣಿಚೀಲ ತೊಯ್ಸಿ ಕಟ್ರಿ. ಅಷ್ಟ ಸಾಕು.

ಮಹಾಲಿಂಗಪುರದಾಂವ, ಈಗ ತಿರುಪ್ಪೂರ
ಮಷಿನ್ ಸುತ್ತ ನೀರು? ಸೂಜಿಗೆ ತುಕ್ಕು ಹಿಡಿಸಾಕ ಇದಕ್ಕಿಂತ ಸರಳ ಹಾದಿ ಇಲ್ಲ. ತುಕ್ಕು ಕಣ್ಣಿಗೆ ಕಾಣೂದಿಲ್ಲ, ಲ್ಯಾಚ್ ಬಿಗಿ ಆಗಿ ಲೂಪ್ ಬಿಡೂದಿಲ್ಲ, ಬಿಳಿ ಬಟ್ಟಿ ಮ್ಯಾಲ ಕಂದು ಚುಕ್ಕಿ ಬರತಾವ. ತೇವ ಕೊಡೂದು ನೂಲಿಗೆ, ಕೋನ್ ಇಡೂ ಖೋಲ್ಯಾಗ. ಒಂದು ರಾತ್ರಿ ಇಟ್ಟು ಆಮ್ಯಾಲ ಮಷಿನ್‌ಗೆ ತರಬೇಕು.

ವಿಜಯಪುರ ಸಾಕ್ಸ್
ತಿರುಪ್ಪೂರಿನ್ಯಾಗ ಕೂತು ವಿಜಯಪುರದ ಬ್ಯಾಸಗಿಗೆ ಬುದ್ಧಿ ಹೇಳಬ್ಯಾಡ್ರಿ. ಖೋಲಿಯಿಂದ ತಂದ ಕೋನ್ ಎರಡು ತಾಸಿಗೆ ಒಣಗ್ತದ ಇಲ್ಲಿ. ಅಲ್ಟ್ರಾಸಾನಿಕ್ ಫಾಗರ್ ಇಟ್ಟವರನ್ನ ನೋಡೀನಿ: ಬೋರಿನ ಗಡಸು ನೀರು ಹಾಕಿದ್ರ ಬಿಳಿ ಪುಡಿ ಸೂಜಿ, ಸೆನ್ಸರ್ ಎಲ್ಲಾ ಕಡೆ ಕೂಡ್ತದ. ಆರ್‌ಓ ನೀರ ಬೇಕು. ಅದಕ್ಕ ಗೋಣಿಚೀಲ. ತುಕ್ಕು ಹಿಡದ್ರ ಅದು ಎಣ್ಣಿ ಹಾಕಲಾರದವರ ತಪ್ಪು.

ಖಾಸಬಾಗ ಕಾಲರ್
ಎಣ್ಣಿ ಅಂದ್ರಿ, ಮತ್ತ ಅದರದ ಜಗಳ. ಎಣ್ಣಿ ಹೆಚ್ಚಾದ್ರ ಕಾಲರಿನ ಮ್ಯಾಲ ಉದ್ದಕ ಎಣ್ಣಿ ಗೆರಿ, ಒಗದ್ರೂ ಹೋಗೂದಿಲ್ಲ. ಕಡಿಮಿ ಆದ್ರ ಬೆಡ್ ಬಿಸಿ. ಒಗದ್ರ ಹೋಗೂ ನಿಟ್ಟಿಂಗ್ ಎಣ್ಣಿನ ಹಾಕಬೇಕು, ಹೊಲಿಗಿ ಮಷಿನ್ ಎಣ್ಣಿ, ಮಗ್ಗದ ಎಣ್ಣಿ ಅಲ್ಲ.

ರಬಕವಿ ಹುಡುಗ
ಅಣ್ಣಾರ, ತಮ್ಮ ಹೋಗಬೇಕೋ ಬ್ಯಾಡೋ ಅನ್ನೂದು... ಐಟಿಐ ಫಿಟ್ಟರ್ ಇದ್ದದ್ದಕ್ಕ ಏನರ ಲಾಭ ಐತೇನ್ರಿ?

ಶಹಾಪುರ ಲಿಂಕಿಂಗ್
ಎಲ್ಲಾ ಗಂಡಸರು ಮಷಿನ್ ಮಷಿನ್ ಅಂತೀರಿ. ಫ್ಲಾಟ್ ಮಷಿನ್ ಬಿಡಿ ಬಿಡಿ ತುಂಡು ಕೊಡತೈತಿ. ಅದನ್ನ ಸ್ವೆಟರ್ ಮಾಡಾವರು ಯಾರು? 12 ಗೇಜಿನ ಸ್ವೆಟರಿಗೆ 14 ಗೇಜಿನ ಲಿಂಕಿಂಗ್ ಡಯಲ್ (ತುಂಡು ಜೋಡಿಸೂ ಮುಳ್ಳಿನ ಚಕ್ರ), ಒಂದೊಂದು ಲೂಪ್ ಒಂದೊಂದು ಮುಳ್ಳಿಗೆ ಏರಿಸಬೇಕು. ಒಂದು ತಪ್ಪಿದ್ರ ಕುತ್ತಿಗಿ ಹತ್ರ ಲಡಿ ಬಿಚ್ಚಿದಂಗ ಇಳಕೋತ ಹೋಗತೈತಿ. ಕಣ್ಣು ಹೋಗೂ ಕೆಲಸ, ಮಜೂರಿ ಪೀಸಿನ ಮ್ಯಾಲ. ಜಪಾನಿನ ಶೀಮಾ ಸೈಕಿ 1995ರಾಗ ಹೊಲಿಗಿ ಇಲ್ಲದ ಇಡೀ ಸ್ವೆಟರ್ ನೇಯೂ ಮಷಿನ್ ತೋರಿಸ್ತು. ಇನ್ನ ಲಿಂಕಿಂಗ್ ಮುಗೀತು ಅಂದಿದ್ರು. 30 ವರ್ಷ ಆತು, ಜೂನ್ ಬಂದ್ರ ಇನ್ನೂ ನಮ್ಮ ಮನಿ ಬಾಗಿಲಿಗೇ ಬರತೀರಿ.

ಮತ್ತ ಪ್ರೆಸ್ ಮಾಡಾವರಿಗೆ ಹೇಳ್ರಿ: ಅಕ್ರಿಲಿಕ್ ಸ್ವೆಟರ್ ಮ್ಯಾಲ ಸ್ಟೀಮ್ ಒತ್ತಿ ಹಿಡಿಬ್ಯಾಡ್ರಿ. ರಿಬ್ (ಜಗ್ಗಿದ್ರ ಹಿಗ್ಗೂ ಅಂಚು) ಸತ್ತು ಜೋತು ಬೀಳತೈತಿ, ಮತ್ತ ಎಂದೂ ಬಿಗಿ ಆಗೂದಿಲ್ಲ. ಆಮ್ಯಾಲ ಲಿಂಕಿಂಗ್ ಸಡ್ಲ ಆಗೈತಿ ಅಂತ ನಮ್ಮ ಮ್ಯಾಲ ಹಾಕ್ತೀರಿ.

ಖಾಸಬಾಗ ಕಾಲರ್
ಅಕ್ಕಾರ, ಪ್ರೆಸ್‌ನವರು ಬ್ಯಾರೆ, ನಾವು ಬ್ಯಾರೆ. ಆದ್ರ ಪೀಸಿಗೆ ರೇಟ್ ಹೆಚ್ಚು ಮಾಡ್ರಿ ಅಂದ್ರ ಸಾಲಿಯವರು ಲುಧಿಯಾನಾ ಮಾಲು ತೋರಿಸ್ತಾರ.

ಮಹಾಲಿಂಗಪುರದಾಂವ, ಈಗ ತಿರುಪ್ಪೂರ
ರಬಕವಿ ತಮ್ಮಾ, ಫಿಟ್ಟರ್ ಇದ್ದದ್ದ ಲಾಭ. ಹೋಗೂಕಿಂತ ಮೊದಲ ಫೋನಿನ್ಯಾಗ ಕೇಳ್ರಿ: ಒಬ್ಬಗ ಎಷ್ಟು ಮಷಿನ್, ಡಯಾ-ಗೇಜ್ ಎಷ್ಟು, ಲೈಕ್ರಾ ಐತೋ, ಸೂಜಿ ಬದಲಿ ಆಪರೇಟರ್ ಮಾಡ್ತಾನೋ ಫಿಟ್ಟರ್ ಒಬ್ಬನ ಮಾಡ್ತಾನೋ. ಫಿಟ್ಟರ್ ಯಾರನ್ನೂ ಹತ್ರ ಬಿಡದ ಯೂನಿಟ್ ಇದ್ರ ಅಲ್ಲಿ ಐದು ವರ್ಷ ಕಳದ್ರೂ ಗಂಟ ಹಾಕೂದು. ಸೆಟ್ ಸೂಜಿ (ಎಲ್ಲಾ ಸೂಜಿ ಒಮ್ಮೆಲೆ) ಬದಲಿ ಮಾಡೂವಾಗ ಜೊತಿ ನಿಲ್ಲಾಕ ಬಿಟ್ರ ಪಗಾರ ಎರಡು ಸಾವಿರ ಕಡಿಮಿ ಇದ್ರೂ ಅಲ್ಲೇ ಹೋಗಲಿ. ಹಳೇ ಸೆಟ್ಟಿನ ನಡಕ ಒಂದು ಹೊಸ ಸೂಜಿ ಹಾಕಿದ್ರ ಯಾಕ ಗೆರಿ ಬರತೈತಿ, ಸಿಂಕರ್ ರಿಂಗ್ ಎಷ್ಟು ಹಿಂದ ಮುಂದ ಮಾಡಬೇಕು, ಇದು ಪುಸ್ತಕದಾಗ ಸಿಗೂದಿಲ್ಲ. ಕೇಂದ್ರದ ಸಮರ್ಥ್ ಯೋಜನ್ಯಾಗ ನಿಟ್ಟಿಂಗ್ ತರಬೇತಿ ಐತಿ, ಸರ್ಟಿಫಿಕೇಟಿಗೆ ಬೇಕಾದ್ರ ಮಾಡಲಿ.

ಬನಹಟ್ಟಿ ಮಾಲಕ
ಎರಡು ಸಾವಿರ ಕಡಿಮಿ ತಗೊಂಡು ಮಂದಿ ಮಷಿನ್ ಸೂಜಿ ಬದಲಿ ಮಾಡಲಿ ಅಂತೀರಿ! 2022ರ ಮೇದಾಗ ಹತ್ತಿ ಕ್ಯಾಂಡಿಗೆ (ಸುಮಾರು 356 ಕೆಜಿಗೆ) ಲಕ್ಷ ದಾಟಿದಾಗ ಸೆಟ್ ಸೂಜಿ ಬಂದು ನೂಲಿನ ರೇಟ್ ಇಳಿಸಿತೇನು? ಮಗ್ಗನೂ ನಿಂತೂ, ನಿಟ್ಟಿಂಗೂ ನಿಂತು. ಆದ್ರ ನಮ್ಮ ಬಾಡಿಗಿ ಇರಲಿಲ್ಲ.

ಖಾಸಬಾಗ ಕಾಲರ್
ಮಗ್ಗದ ಕರೆಂಟ್ ಪುಕ್ಕಟ ಅಂತ ಸಾರಿ ಸಾರಿ ಹೇಳ್ತೀರಿ, ಹಂಗಾದ್ರ ಬನಹಟ್ಟ್ಯಾಗ ಎಷ್ಟು ಮಗ್ಗ ಗುಜರಿಗೆ ಹೋದೂ ಅದನ್ನೂ ಹೇಳ್ರಿ. ರಬಕವ್ಯಾವರು ಕೇಳ್ರಿಲ್ಲೆ: ಮಗ್ಗದ ಮೀಟರಿನ ಮ್ಯಾಲ ಫ್ಲಾಟ್ ಮಷಿನ್ ಹಾಕಬ್ಯಾಡ್ರಿ. ಮೊದಲ ಹೆಸ್ಕಾಂ ಆಫೀಸಿನ್ಯಾಗ ಮೀಟರ್ ಯಾವ ಕೆಟಗರಿ ಅಂತ ಬರದು ತಗೋರಿ, ಆಮ್ಯಾಲ ವೈರಿಂಗ್.

ಬನಹಟ್ಟಿ ಮಾಲಕ
ಗುಜರಿಗೆ ಹೋದದ್ದು ಹಳೇ ಮಗ್ಗ. ರೇಪಿಯರ್ (ಲಾಳಿ ಇಲ್ಲದ ಮಗ್ಗ) ಹಾಕಿದವರು ಇನ್ನೂ ನಡಸ್ಯಾರ. ನಿಮ್ಮ ಬೋರ್ಡ್ ರಿಪೇರಿ 32,000ದಾಗ ನಮ್ಮ ಜಾಬರ್ (ಮಗ್ಗ ರಿಪೇರಿ ಮಾಡಾಂವ) ಒಂದು ವರ್ಷ ನಾಕು ಮಗ್ಗ ನೋಡ್ಕೊಂತಾನ.

ವಿಜಯಪುರ ಸಾಕ್ಸ್
ರೇಪಿಯರ್‌ಗೂ ಕಂಪ್ಯೂಟರ್ ಬೋರ್ಡ ಇರ್ತದ ಮಾಲಕರ. ಹೋದಾಗ ರಿಪೇರಿ ಬಿಲ್ ಇಲ್ಲೇ ಹಾಕ್ರಿ, ನೋಡೂಣು.